ಜಗಲಿಯ ಮೇಲಿನ ಚಿಪ್ಪು

ಎರಡು ವರ್ಷದ ಹಿಂದೆ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದಕ್ಕೆ ಗುರುಪ್ರವೇಶಕ್ಕೆಂದು ಹೋಗಿದ್ದೆ. ಹೋಮವಿಲ್ಲ, ಪಂಚಾಂಗ ನೋಡಿದ ಮುಹೂರ್ತವಿಲ್ಲ. ವಚನ ಪಠಣ, ಸಾಮೂಹಿಕ ಇಷ್ಟಲಿಂಗ ಪೂಜೆ, ಪ್ರಸಾದ. ಇಂಥ ಮನೆಗಳಿಂದಲೇ ನಮ್ಮ ಚಳವಳಿ ಬೆಳೆಯುವುದೆಂದು ನಾಲ್ಕು ಮಾತನ್ನೂ ಆಡಿದೆ. ಆಮೇಲೆ ಕೈ ತೊಳೆಯಲು ಬಚ್ಚಲಿಗೆ ಹೋದರೆ ಪ್ಲಾಸ್ಟಿಕ್ ಬುಟ್ಟಿಯೊಳಗೆ ಏನೋ ಕೆರೆಯುವ ಸಪ್ಪಳ. ಬೆರಳುದ್ದ ನೀರಿನಲ್ಲಿ ಒಂದು ನಕ್ಷತ್ರ ಆಮೆ ನಿಂತಿತ್ತು. ಕರಿ ಚಿಪ್ಪಿನ ಮೇಲೆ ಚುಕ್ಕಿ ಬಿಡಿಸಿದಂತೆ ಹಳದಿ ಗೆರೆ.

“ಇದು ಮನಿಗೆ ಬಂದ ಮ್ಯಾಲೆ ನಮ್ಮ ಬೋರಿಗೆ ನೀರು ಬಿತ್ರಿ ಮಾಸ್ತರ” ಎಂದ ಮನೆಯ ಯಜಮಾನ. ನಾನು ಏನೂ ಹೇಳಲಿಲ್ಲ. ಪ್ರಸಾದ ಸ್ವೀಕರಿಸಿ ಬಂದೆ.

ನಕ್ಷತ್ರ ಆಮೆ ನೀರಿನ ಪ್ರಾಣಿಯೇ ಅಲ್ಲ. ಮಸಾರಿ ಬೀಳು, ಕಲ್ಲುಗುಡ್ಡದ ಕುರುಚಲು, ಒಣಹುಲ್ಲು ಅದರ ಮನೆ. ಹುಲ್ಲು, ಉದುರಿದ ಹೂವು ಹಣ್ಣು, ಪಾಪಾಸುಕಳ್ಳಿ ಅದರ ಆಹಾರ. ತೇವದಲ್ಲಿ ಕೂಡಿಟ್ಟರೆ ಶ್ವಾಸಕೋಶದ ರೋಗ ಹತ್ತಿ ಸಾಯುತ್ತದೆ. ಮೊಟ್ಟೆ ಇಡುವ ಹೆಣ್ಣಾಮೆ ಗಟ್ಟಿ ನೆಲವನ್ನು ತನ್ನ ಮೂತ್ರದಿಂದಲೇ ತೋಯಿಸಿ, ಹಿಂಗಾಲಿನಿಂದ ಕುಣಿ ತೋಡಿ, ಕೆಲವೇ ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಮರಿ ಹೊರಬರಲು ತಿಂಗಳುಗಟ್ಟಲೆ ಬೇಕು, ಆ ಮರಿ ಬೆಳೆದು ತಾಯಿಯಾಗಲು ವರ್ಷಗಟ್ಟಲೆ. ಬೆಳೆದ ಹೆಣ್ಣೊಂದನ್ನು ಚೀಲಕ್ಕೆ ಹಾಕಿಕೊಂಡರೆ ಆ ನಷ್ಟ ಬೇಗ ತುಂಬುವುದಿಲ್ಲ. ಅತ್ತ ಕುಷ್ಟಗಿ, ಯಲಬುರ್ಗಾದ ಬೀಳುಗಳಲ್ಲಿ ಗ್ರಾನೈಟ್ ಕ್ವಾರಿ, ಗಾಳಿಯಂತ್ರಗಳ ದಾರಿ ಏಳುತ್ತಿವೆ. ಕಾಡಲ್ಲದ ನೆಲವೆಂದರೆ ಖಾಲಿ ನೆಲ ಎಂದು ನಾವೂ ತಿಳಿದಿದ್ದೇವೆ.

ಗಂಗಾವತಿ ಕಡೆ ಕತೆ ಬೇರೆ. ಅಲ್ಲಿ ತುಂಗಭದ್ರೆಯ ಮೆದುಚಿಪ್ಪಿನ ಆಮೆ ಮರಳ ದಂಡೆಯಲ್ಲಿ ಮೊಟ್ಟೆ ಇಡುತ್ತದೆ. ಮರಳು ಲಾರಿ ಹತ್ತಿದರೆ ಮೊಟ್ಟೆಗೆ ಜಾಗವೆಲ್ಲಿ? ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಗೆ ಮೀನು, ಆಮೆ, ನೀರುನಾಯಿ ಎಂಬ ಭೇದವಿಲ್ಲ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು ಸರಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಅದರ ನೆರಳಿನಲ್ಲಿ ಆಮೆಗೂ ರಕ್ಷಣೆ ಸಿಗಬೇಕು. ಈ ಮೆದುಚಿಪ್ಪಿನ ಆಮೆ ಎಷ್ಟು ಅಪಾಯದಲ್ಲಿದೆಯೆಂದರೆ, 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ ಸಭೆ ಭಾರತದ ಕೋರಿಕೆಯಂತೆ ಅದರ ಅಂತರರಾಷ್ಟ್ರೀಯ ಮಾರಾಟವನ್ನೇ ನಿಷೇಧಿಸಿತು. ನಕ್ಷತ್ರ ಆಮೆಗೆ ಆ ರಕ್ಷಣೆ 2019ರಲ್ಲೇ ಸಿಕ್ಕಿತ್ತು. ಆದರೂ ಅದರ ಕಳ್ಳಸಾಗಣೆ ನಿಂತಿಲ್ಲ.

ಕಾಯ್ದೆಯೇನೋ ಗಟ್ಟಿಯಾಗಿದೆ. 2022ರ ತಿದ್ದುಪಡಿಯ ನಂತರ ನಕ್ಷತ್ರ ಆಮೆ ಮೊದಲ ಅನುಸೂಚಿಯಲ್ಲಿದೆ. ಹಿಡಿದರೆ, ಮಾರಿದರೆ ಕನಿಷ್ಠ ಮೂರು ವರ್ಷ ಸೆರೆಮನೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಆದರೆ ಪೊಲೀಸರು ಎಷ್ಟು ಬಚ್ಚಲುಮನೆ ಹುಡುಕಿಯಾರು? ಆಮೆ ಇದ್ದರೆ ಲಕ್ಷ್ಮಿ ನಿಲ್ಲುತ್ತಾಳೆ, ಇಪ್ಪತ್ತು ಉಗುರಿನದಾದರೆ ನಿಧಿ ತೋರಿಸುತ್ತದೆ ಎಂಬ ಮಾತು ಮೊದಲು ಹುಟ್ಟುತ್ತದೆ, ಬೆನ್ನ ಹಿಂದೆಯೇ ಹಿಡಿಯುವವನು ಹುಟ್ಟುತ್ತಾನೆ. ಜಾತ್ರೆಯ ಅಂಗಡಿಯಲ್ಲಿ ತಟ್ಟೆನೀರಿನೊಳಗೆ ಕೂಡಿಸಿದ ಗಾಜಿನ ಆಮೆ ಕಂಡರೆ ನನಗೆ ಈಗ ನಗು ಬರುವುದಿಲ್ಲ. ಇಂದು ಗಾಜಿನದು ಕೊಂಡವನೇ ನಾಳೆ ಜೀವದ್ದು ಹುಡುಕುತ್ತಾನೆ.

ಇದು ಅರಣ್ಯ ಇಲಾಖೆಯ ಕೆಲಸ, ಮಠಕ್ಕೇನು ಸಂಬಂಧ ಎಂದು ಕೇಳುವವರಿದ್ದಾರೆ. ಅಂಗೈಯಲ್ಲಿ ಇಷ್ಟಲಿಂಗ ಇರುವವನಿಗೆ ಅದೃಷ್ಟಕ್ಕೆ ಆಮೆ ಏಕೆ ಬೇಕಾಯಿತು? ಇದನ್ನು ಕೇಳಬೇಕಾದವರು ಫಾರೆಸ್ಟ್ ಗಾರ್ಡ್ ಅಲ್ಲ, ನಾವು. ಮಠ ಮನಸ್ಸು ಮಾಡಿದರೆ ಏನಾಗುತ್ತದೆಂಬುದನ್ನು ಕೊಪ್ಪಳದವರಿಗೆ ಹೇಳಬೇಕಿಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಿರೇಹಳ್ಳಕ್ಕೆ ಇಳಿದರು, ಊರೂರೇ ಹಿಂದೆ ಬಂದು ಹಳ್ಳ ಸ್ವಚ್ಛವಾಯಿತು. ಪ್ರವಚನದಲ್ಲಿ ಹತ್ತು ನಿಮಿಷ, ದಾಸೋಹದ ಪಂಕ್ತಿಯಲ್ಲಿ ಒಂದು ಮಾತು, ಗುರುಪ್ರವೇಶ ಮಾಡಿಸುವವರ ಬಾಯಲ್ಲಿ ಒಂದು ಪ್ರಶ್ನೆ: ಮನೆಯಲ್ಲಿ ಆಮೆ ಇದೆಯೇ? ಇದ್ದರೆ ಹೊಲಕ್ಕೋ ಹೊಳೆಗೋ ಬಿಟ್ಟು ಬರಬೇಡಿ ಎಂದೂ ಹೇಳಬೇಕು. ಎಲ್ಲಿಯದೋ ಆಮೆ ಎಲ್ಲಿಯದೋ ರೋಗವನ್ನು ಕಾಡಿನ ಆಮೆಗೆ ಹಚ್ಚೀತು. ಅರಣ್ಯ ಇಲಾಖೆಗೇ ಒಪ್ಪಿಸಬೇಕು.

ಕಳೆದ ದೀಪಾವಳಿಗೆ ಅದೇ ಮನೆಗೆ ಮತ್ತೆ ಹೋಗಿದ್ದೆ. ಬಚ್ಚಲಲ್ಲಿ ಬುಟ್ಟಿ ಇರಲಿಲ್ಲ. ಚಿಪ್ಪು ಜಗಲಿಯ ಮೇಲಿತ್ತು, ವಿಭೂತಿ ಹಚ್ಚಿತ್ತು. ಬೋರು ಬತ್ತಿ ಆರು ತಿಂಗಳಾಗಿದೆಯಂತೆ. “ಮತ್ತೊಂದು ಸಿಗತೈತೇನ್ರಿ ಮಾಸ್ತರ?” ಎಂದು ಯಜಮಾನ ಕೇಳಿದ. ಆ ದಿನ ಊಟಕ್ಕೆ ಕೂಡುವ ಮೊದಲು ಎರಡು ತಾಸು ಮಾತಾಡಿದೆವು. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಬರುವ ಸೋಮವಾರ ಮತ್ತೆ ಹೋಗುತ್ತಿದ್ದೇನೆ.