ನಲ್ಲಿ ಬುಡದ ಒಂದೆಲಗ

ಮಕ್ಕಳೇ, ಬ್ಯಾಂಕಿನಲ್ಲಿ 36 ವರ್ಷ ಲೆಡ್ಜರ್ ಬರೆದ ನನಗೆ ಈ ಪುಟ್ಟ ಗಿಡದ ಲೆಕ್ಕ ಮಾತ್ರ ಮೊದಲ ಸಲವೇ ತಪ್ಪಿತು.

ಎರಡು ವರ್ಷದ ಹಿಂದೆ ನಮ್ಮಾಕೆಗೆ ಮರೆವು ಶುರುವಾಯಿತು. ಒಲೆಯ ಮೇಲಿಟ್ಟ ಹಾಲು, ಒಮ್ಮೊಮ್ಮೆ ಮೊಮ್ಮಗಳ ಹೆಸರು ಕೂಡ. ಒಂದೆಲಗ ತಿಂದರೆ ನೆನಪು ಚುರುಕಾಗುತ್ತದೆ ಎಂದು ಕಂಡವರೆಲ್ಲ ಹೇಳಿದರು. ನರ್ಸರಿಯಲ್ಲಿ 'ಬ್ರಾಹ್ಮಿ' ಕೇಳಿದರೆ ಜೋಡಿ ಜೋಡಿಯಾಗಿ ಪುಟ್ಟ ದಪ್ಪ ಎಲೆಯಿರುವ ನೀರುಬ್ರಾಹ್ಮಿ ಕೊಟ್ಟರು. ಅದೇ ಬೇರೆ, ಇದೇ ಬೇರೆ. ಒಂದೆಲಗಕ್ಕೆ ಒಂದು ತೊಟ್ಟಿಗೆ ಒಂದೇ ಎಲೆ. ದುಂಡಗೆ, ಅಂಚು ಅಲೆ ಅಲೆಯಾಗಿ, ತೊಟ್ಟು ಸೇರುವಲ್ಲಿ ಸೀಳಿದಂತೆ. ಮಂಗಳೂರು ಕಡೆ ತಿಮರೆ ಅನ್ನುವುದು ಇದನ್ನೇ.

ಕಡೆಗೆ ತೀರ್ಥಹಳ್ಳಿ ಬಳಿಯ ಆಕೆಯ ತವರಿನಿಂದ ಒಂದು ಹಿಡಿ ಬಳ್ಳಿ ತಂದು, ಮೈಸೂರಿನ ನಮ್ಮ ತಾರಸಿಯ ಮೇಲೆ ಕುಂಡದಲ್ಲಿ ನೆಟ್ಟೆ. ಏಪ್ರಿಲ್ ಬಿಸಿಲಿಗೆ ಹದಿನೈದೇ ದಿನದಲ್ಲಿ ಎಲೆಯಂಚು ಸುಟ್ಟುಹೋಯಿತು. ಅಡಿಕೆ ತೋಟದ ನೆರಳಲ್ಲಿ, ಕಾಲುವೆ ಬದಿಯಲ್ಲಿ ಬೆಳೆದದ್ದು, ಪಾಪ! ಉಳಿದ ಮೂರು ಗಿಣ್ಣುಗಳನ್ನು ಹಿತ್ತಲ ನಲ್ಲಿಯ ಹತ್ತಿರ ಅಗಲವಾದ ಹಳೆಯ ಟಬ್ಬಿಗೆ ಹಾಕಿದೆ. ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ, ತಳದಲ್ಲಿ ತೂತು. ಬೆಳಗಿನ ಎಳೆಬಿಸಿಲು ಸಾಕು. ಮಣ್ಣು ಸದಾ ಒದ್ದೆಯಿರಬೇಕು, ನೀರು ನಿಂತು ನಾರಬಾರದು. ಬಳ್ಳಿ ಹರಿದ ಕಡೆಯಲ್ಲೆಲ್ಲ ಗಿಣ್ಣು ಬೇರು ಬಿಟ್ಟು ಮಳೆಗಾಲದಲ್ಲಿ ಟಬ್ಬು ತುಂಬಿತು. ಬಚ್ಚಲ ನೀರು ಹರಿಯುವಲ್ಲಿ ಇನ್ನೂ ಸೊಂಪಾಗಿ ಬರುತ್ತದೆ, ಆದರೆ ಹಸಿಯಾಗಿ ತಿನ್ನುವ ಸೊಪ್ಪನ್ನು ಅಲ್ಲಿ ಬೆಳೆಯಬೇಡಿ.

ಖುಷಿಯಿಂದ ಡಾಕ್ಟರಿಗೆ ಹೇಳಿದೆ. "ಊಟಕ್ಕೆ ತಂಬುಳಿ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಇದರಿಂದ ಮರೆವು ಹೋಗುತ್ತೆ ಅಂತ ಕಾಯಬೇಡಿ ಸಾರ್" ಅಂದರು. ಎರಡು ದಿನ ಗಿಡಕ್ಕೆ ನೀರು ಹಾಕುವ ಮನಸ್ಸಾಗಲಿಲ್ಲ.

ಮೂರನೆಯ ದಿನ ನೋಡಿದರೆ ಆಕೆಯೇ ಟಬ್ಬಿನ ಮುಂದೆ ಕೂತು ಬೇರುಸಮೇತ ಬಿಡಿಸುತ್ತಿದ್ದಾಳೆ. ಮಣ್ಣು ಹೋಗುವಂತೆ ನಾಲ್ಕು ನೀರಲ್ಲಿ ತೊಳೆದಳು. ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಕಾಯಿತುರಿ, ಸೊಪ್ಪಿನ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿದಳು. ಯಾರನ್ನೂ ಏನೂ ಕೇಳಲಿಲ್ಲ. ಉಪ್ಪು ಮಾತ್ರ ಎರಡು ಸಲ ಬಿತ್ತು. ಮೊಮ್ಮಗಳು ಮೆಲ್ಲಗೆ ಇನ್ನೊಂದು ಲೋಟ ಮಜ್ಜಿಗೆ ಸುರಿದಳು. ಅನ್ನಕ್ಕೆ ಕಲಸಿ ಮೂವರೂ ಪಾತ್ರೆ ಖಾಲಿ ಮಾಡಿದೆವು.