ಸಹನೆಯೆಂಬ ನಿತ್ಯದ ಕೆಲಸ

ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಬಹುಪಾಲು ಗೊಡ್ಡು. ಹೊಸಕೋಟೆ, ದೊಡ್ಡಬಳ್ಳಾಪುರದಂತಹ ಹೈನುಗಾರಿಕೆಯ ಸೀಮೆಯಲ್ಲಿ ಇದು ಲಾಭ ನಷ್ಟದ ಮಾತು. ಗರ್ಭದಲ್ಲಿ ಎರಡರ ರಕ್ತನಾಳಗಳೂ ಕೂಡಿಕೊಂಡು, ಹೋರಿಯ ಹಾರ್ಮೋನುಗಳು ಹೆಣ್ಣಿನ ಜನನಾಂಗದ ಬೆಳವಣಿಗೆಯನ್ನು ಕೆಡಿಸುತ್ತವೆ. 1945ರಲ್ಲಿ ಅಮೆರಿಕದ ರೇ ಓವನ್ ಇಂಥ ಅವಳಿಗಳಲ್ಲಿ ಇನ್ನೊಂದು ಸೋಜಿಗ ಕಂಡರು: ಒಂದರ ರಕ್ತಕಣಗಳು ಇನ್ನೊಂದರ ಮೈಯಲ್ಲಿ, ಅದು ಬೆಳೆದು ದೊಡ್ಡದಾದ ಮೇಲೂ, ತಕರಾರಿಲ್ಲದೆ ಉಳಿದಿದ್ದವು. ಅಂದರೆ ದೇಹ ಯಾವುದನ್ನು ತನ್ನದೆನ್ನುತ್ತದೋ ಅದು ವಂಶದಿಂದ ಬಂದದ್ದಲ್ಲ, ಕಲಿತದ್ದು. ಈ ಜಾಡು ಹಿಡಿದ ಬರ್ನೆಟ್, ಮೆಡವಾರ್ ಇಬ್ಬರಿಗೂ 1960ರ ನೊಬೆಲ್ ಬಂತು. ಓವನ್ ಅವರನ್ನು ಬಿಟ್ಟದ್ದು ಅನ್ಯಾಯವೇ.

ಹಾಗಾದರೆ ಒಮ್ಮೆ ಕಲಿತರೆ ಸಾಕೇ? ಸಾಕೆನ್ನುವವರ ವಾದ ಹಗುರವಾದದ್ದಲ್ಲ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ, ಸ್ವಂತ ಅಂಗಾಂಶಕ್ಕೆ ಬಲವಾಗಿ ಅಂಟುವ ಟಿ-ಕೋಶಗಳು (ರೋಗನಿರೋಧಕ ಕೋಶಗಳು) ಎಳೆಯದರಲ್ಲೇ ಸಾಯುತ್ತವೆ. ಉಳಿದವು ತಂಟೆ ಮಾಡುವುದಾದರೂ ಏಕೆ? ಈ ಜರಡಿ ಇರುವುದು ನಿಜ, ಆದರೆ ಅದರ ಕಣ್ಣು ದೊಡ್ಡದು. ಆರೋಗ್ಯವಂತರ ರಕ್ತದಲ್ಲೂ ಸ್ವಂತ ಮೈಗೇ ಎರಗಬಲ್ಲ ಟಿ-ಕೋಶಗಳು ಸಿಗುತ್ತವೆ. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ, ಸಿಡಿ25 ಎಂಬ ಗುರುತುಳ್ಳ ಟಿ-ಕೋಶಗಳನ್ನು ಬೇರ್ಪಡಿಸಿ ಮಿಕ್ಕ ಕೋಶಗಳನ್ನಷ್ಟೇ ಟಿ-ಕೋಶವಿಲ್ಲದ ಇಲಿಗಳಿಗೆ ಕೊಟ್ಟಾಗ ಅವುಗಳ ಥೈರಾಯ್ಡ್, ಜಠರಗಳಲ್ಲಿ ಉರಿಯೂತ ಕಾಣಿಸಿತು. ಬೇರ್ಪಡಿಸಿದ್ದನ್ನೂ ಸೇರಿಸಿ ಕೊಟ್ಟಾಗ ರೋಗ ಬರಲಿಲ್ಲ. ಎರಗುವ ಕೋಶಗಳು ಎರಡೂ ಸಲ ಇದ್ದವು. ಬದಲಾದದ್ದು ತಡೆಯುವ ಕೋಶಗಳು ಮಾತ್ರ. ಈ ನಿಯಂತ್ರಕ ಕೋಶಗಳು ಸ್ರವಿಸುವ ಐಎಲ್-10, ಟಿಜಿಎಫ್-ಬೀಟಾ ಪ್ರೋಟೀನುಗಳು ಸುತ್ತಲಿನ ಕೋಶಗಳ ಆವೇಶ ಇಳಿಸುತ್ತವೆ. ಮಿಕ್ಕ ಟಿ-ಕೋಶಗಳು ಹೆಚ್ಚಲು ಬೇಕಾದ ಐಎಲ್-2 ಅನ್ನು ತಾವೇ ಹೀರಿಬಿಡುತ್ತವೆ. ಇವುಗಳ ಹುಟ್ಟಿಗೆ ಬೇಕಾದ ಫಾಕ್ಸ್‌ಪಿ3 ಜೀನ್ ಕೆಟ್ಟಿರುವ ಗಂಡುಮಕ್ಕಳಿಗೆ, ಥೈಮಸ್ ಇದ್ದೂ, ಕರುಳು, ಚರ್ಮ, ಮೇದೋಜೀರಕ ಗ್ರಂಥಿಗಳಿಗೆ ಎಳವೆಯಲ್ಲೇ ಪೆಟ್ಟು ಬೀಳುತ್ತದೆ. ಈ ಗಂಟು ಬಿಡಿಸಿದ ಬ್ರಂಕೋ, ರಾಮ್ಸ್‌ಡೆಲ್, ಸಕಾಗುಚಿ ಅವರಿಗೆ 2025ರ ನೊಬೆಲ್ ಸಂದಿತು.

ಎಲ್ಲ ರಾಸಾಯನಿಕವೇ ಆದರೆ ಸೂಜಿಯಲ್ಲಿ ಕೊಟ್ಟುಬಿಡಬಹುದಲ್ಲ ಎಂದು ಕೇಳಬಹುದು. ಅದು ಅಷ್ಟು ಸಲೀಸಲ್ಲ. ಐಎಲ್-2 ಕಡಿಮೆ ಪ್ರಮಾಣದಲ್ಲಿ ನಿಯಂತ್ರಕ ಕೋಶಗಳನ್ನು ಪೋಷಿಸಿದರೆ, ಹೆಚ್ಚಾದಾಗ ದಾಳಿಯನ್ನೇ ಕೆರಳಿಸುತ್ತದೆ. ಮೂತ್ರಪಿಂಡದ ಕ್ಯಾನ್ಸರಿಗೆ ಅದನ್ನು ಕೊಟ್ಟದ್ದು ಇದೇ ಗುಣಕ್ಕಾಗಿ. ಟಿಜಿಎಫ್-ಬೀಟಾದ ಮರೆಯಲ್ಲಿ ಗೆಡ್ಡೆಗಳೂ ತಪ್ಪಿಸಿಕೊಳ್ಳುತ್ತವೆ. ಬೇರೊಂದು ದಾರಿಯೂ ಇದೆ. ಬೆಂಗಳೂರಿನ ಬಯೋಕಾನ್ ಕಂಪನಿ, ಕ್ಯೂಬಾದಲ್ಲಿ ಹುಟ್ಟಿದ ಇಟೊಲಿಜುಮಾಬ್ ಔಷಧವನ್ನು 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆಂದು ಮಾರುಕಟ್ಟೆಗೆ ತಂದಿತು. ಅದು ಟಿ-ಕೋಶಗಳನ್ನು ಕೊಲ್ಲುವುದಿಲ್ಲ. ಅವುಗಳ ಮೇಲಿನ ಸಿಡಿ6 ಅಣುವಿಗೆ ಅಂಟಿ, ಕೆರಳಿಸುವ ಸಂಕೇತವನ್ನು ತಗ್ಗಿಸುತ್ತದೆ. ಆದರೆ ಚರ್ಮಕ್ಕೆ ಎರಗುವ ಕೋಶ ಯಾವುದು, ಸೋಂಕಿನ ವಿರುದ್ಧ ಹೋರಾಡುವ ಕೋಶ ಯಾವುದು ಎಂದು ಆರಿಸುವ ಶಕ್ತಿ ಅದಕ್ಕಿಲ್ಲ.