ಪದವಿಚಾರ: ಕಲ್-ಡಿ-ಸ್ಯಾಕ್

ಹೊಕ್ಕ ಬಾಯಿಂದಲೇ ಹೊರಡಬೇಕಾದ, ಮುಂದೆ ದಾರಿಯಿಲ್ಲದ ಓಣಿಗೆ ಆಂಗ್ಲರು ‘ಕಲ್-ಡಿ-ಸ್ಯಾಕ್’ ಎನ್ನುವರು. ಪದವು ಫ್ರೆಂಚರದು, ‘ಚೀಲದ ತಳ’ವೆಂದು ಅದರ ಅರ್ಥ. ಚೀಲದೊಳಗೆ ಇಟ್ಟ ಕೈ ತಳವನ್ನು ಮುಟ್ಟಿ ಹಿಂದಿರುಗಬೇಕಷ್ಟೆ. ಓಣಿ ಹೊಕ್ಕವನ ಪಾಡೂ ಅದೇ. ಆಂಗ್ಲಭಾಷೆಯಲ್ಲಿ ಇದು ಮೊದಲು ಕಾಣುವುದು 1738ರಲ್ಲಿ, ಶರೀರಶಾಸ್ತ್ರದ ಪದವಾಗಿ. ಒಂದೇ ಬಾಯುಳ್ಳ ಅಂಗಕೋಶಕ್ಕೆ ಆ ಹೆಸರು. ಬೀದಿಗೆ ಸಂದುದು ಅನಂತರ.

ತಳವೆಂಬ ಭಾಗಕ್ಕೆ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಪೃಷ್ಠವೆಂದೇ ಅರ್ಥ. ಆದುದರಿಂದ ವಾಲ್ಟೇರನು (1694–1778) ಇದು ಬೀದಿಗೆ ಇಡತಕ್ಕ ಹೆಸರಲ್ಲವೆಂದು ಜರೆದು, ‘ದಾಟಲಾಗದುದು’ ಎಂಬರ್ಥದ ‘ಆಂಪಾಸ್’ ಪದವನ್ನು ಮುಂದಿಟ್ಟನು. ಇಂದು ಪ್ಯಾರಿಸಿನ ಬೀದಿಫಲಕಗಳಲ್ಲಿರುವುದು ಅದೇ. ಆಂಗ್ಲರಾದರೋ ಹಳೆಯದನ್ನೇ ಉಳಿಸಿಕೊಂಡರು. ಅವರಲ್ಲಿ ಅದೀಗ ಗೃಹಸ್ಥರು ಬಯಸಿ ನೆಲೆಸುವ, ವಾಹನಗಳ ಗದ್ದಲವಿಲ್ಲದ ಬೀದಿಯ ಹೆಸರು.

ಮೂಲಾರ್ಥವು ಅಸಭ್ಯವೆಂದು ಪದವನ್ನು ಬಿಡಬೇಕೆ? ನಮ್ಮ ಆಲಂಕಾರಿಕರು ಇದಕ್ಕೆ ದಾರಿ ತೋರಿದ್ದಾರೆ. ‘ಕುಶಲ’ನೆಂದರೆ ದರ್ಭೆಯನ್ನು ಕೊಯ್ದು ತರುವವನೆಂದು ಅವರು ಬಿಡಿಸುವರು; ‘ಪ್ರವೀಣ’ನೆಂದರೆ ವೀಣೆಯಲ್ಲಿ ಪಳಗಿದವನು. ಆದರೂ ಅಡಿಗೆಯಲ್ಲಿ ಪ್ರವೀಣೆಯೆಂದಾಗ ವೀಣೆಯನ್ನು ಯಾರೂ ನೆನೆಯರು. ಯೋಗಾರ್ಥವು ಮರೆಯಾದಲ್ಲಿ ರೂಢಿಯೇ ಬಲವತ್ತರವು. ಪದದ ಕುಲವನ್ನು ವಿಚಾರಿಸುವುದು ತಿಳಿವಳಿಕೆಗಾಗಿ. ಪಂಕ್ತಿಯಿಂದ ಎಬ್ಬಿಸುವುದಕ್ಕಲ್ಲವೆಂದು ನಾವು ಭಾವಿಸುತ್ತೇವೆ.